ಅವಳು ನನಗ್ಯಾಕೆ ಹೇಳಲಿಲ್ಲ

ಮಗಳು ಮೂರು ತಿಂಗಳು ಶಾಲೆಯ ಬಿಡುವಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಜೊತೆಗಿದ್ದ ನಾಲ್ಕು ಹುಡುಗಿಯರು ಒಂದು ದಿನ ಇದ್ದಕ್ಕಿದ್ದಂತೆ ಅವಳನ್ನು ಬಿಟ್ಟುಬಿಟ್ಟಿದ್ದರು. ಇಂಥದ್ದೇ ಕಾರಣ ಅಂತ ಏನೂ ಇರಲಿಲ್ಲ. ಅವಳು ಲೈಬ್ರರಿಯಲ್ಲಿ ಒಂದು ಪುಸ್ತಕ ತೆರೆದಿಟ್ಟುಕೊಂಡು, ಗಂಟೆ ಯಾವಾಗ ಹೊಡೆಯುತ್ತದೋ ಅಂತ ಕಾಯುತ್ತಿದ್ದಳಂತೆ. ಸಂಜೆ ಮನೆಗೆ ಬಂದರೆ ಎಂದಿನ ಹಾಗೆಯೇ ಇರುತ್ತಿದ್ದಳು. "ಹೇಗಿತ್ತು ಇವತ್ತು?" ಅಂತ ಕೇಳುತ್ತಿದ್ದೆ. "ಚೆನ್ನಾಗಿತ್ತು" ಅನ್ನುತ್ತಿದ್ದಳು. ನಾನು ನಂಬುತ್ತಿದ್ದೆ.

ನನಗೆ ಗೊತ್ತಾಗಿದ್ದು ಇನ್ನೊಬ್ಬ ತಾಯಿಯಿಂದ. "ಈಗ ಪರವಾಗಿಲ್ವಾ ನಿಮ್ಮ ಮಗಳು?" ಅಂತ ಅವರು ಕಾಳಜಿಯಿಂದಲೇ ವಿಚಾರಿಸಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.

ಅವತ್ತು ರಾತ್ರಿ ಅವಳ ಕೋಣೆಗೆ ಹೋಗಿ ಕೇಳಿದೆ. "ನನಗ್ಯಾಕೆ ಹೇಳಲಿಲ್ಲ ಪುಟ್ಟಾ? ನಾನು ಬೈತೀನಿ ಅಂತಾನಾ?"

"ಬೈತೀಯ ಅಂತಲ್ಲ ಅಮ್ಮಾ. ನೀನು ಹೆದರ್ತೀಯ. ಆಮೇಲೆ ನಿನ್ನನ್ನೂ ನಾನೇ ಸಮಾಧಾನ ಮಾಡ್ಬೇಕು."

ಅವಳ ದನಿಯಲ್ಲಿ ದೂರು ಇರಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ಎಷ್ಟೋ ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದವರ ಹಾಗೆ, ತಣ್ಣಗೆ ಹೇಳಿದಳು. ಅವಳಿಗಾಗ ಹದಿನಾಲ್ಕು ವರ್ಷ.

ನಾನು ಅವಳ ಮೇಲೆ ಕೈ ಮಾಡಿದವಳಲ್ಲ. ಕೂಗಾಡಿದ್ದೂ ಕಡಿಮೆ. "ಏನಿದ್ದರೂ ನನ್ನ ಹತ್ರ ಹೇಳು" ಅಂತ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೆ. ಬೈಗುಳದ ಭಯ ಇಲ್ಲದ ಮನೆಯಲ್ಲಿ ಮಕ್ಕಳು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ ಅಂತ ನಂಬಿದ್ದೆ. ಆದರೆ ಅವಳು ಹೇಳಿದ ಮೇಲೆ ನನಗೂ ನೆನಪಾಯಿತು. ನಾಲ್ಕನೇ ತರಗತಿಯಲ್ಲಿ ಯಾರೋ ಅವಳನ್ನು ಆಟಕ್ಕೆ ಸೇರಿಸಲಿಲ್ಲ ಅಂದಾಗ ನಾನು ಮೂವರಿಗೆ ಫೋನ್ ಮಾಡಿದ್ದೆ. ಅವಳ ಎದುರೇ ಅತ್ತಿದ್ದೆ. ರಾತ್ರಿ ನಿದ್ದೆ ಮಾಡಿರಲಿಲ್ಲ. ಬೆಳಗ್ಗೆ ಆ ಮಗು ನನ್ನ ಪಕ್ಕ ಬಂದು "ಪರವಾಗಿಲ್ಲ ಅಮ್ಮಾ, ನನಗೇನೂ ಬೇಜಾರಿಲ್ಲ" ಅಂದಿತ್ತು. ನಮ್ಮ ಮಗಳು ಎಷ್ಟು ಗಟ್ಟಿ ಅಂತ ಆಗ ಹೆಮ್ಮೆಪಟ್ಟಿದ್ದೆ. ಅವಳು ಗಟ್ಟಿಯಾಗಿದ್ದು ನನಗೋಸ್ಕರ ಅಂತ ತಿಳಿಯಲು ಐದು ವರ್ಷ ಬೇಕಾಯಿತು.

ಆ ರಾತ್ರಿಯಾದ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನ ಯೋಚನೆಯನ್ನು ಬುಡದಿಂದಲೇ ಬದಲಾಯಿಸಿದ್ದು ಸ್ವೀಡನ್ನಿನ ಒಂದು ಅಧ್ಯಯನ. ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಅಂತ ತಂದೆತಾಯಿಗೆ ಚೆನ್ನಾಗಿ ಗೊತ್ತಿದ್ದರೆ ಮಕ್ಕಳು ತೊಂದರೆಗೆ ಬೀಳುವುದು ಕಡಿಮೆ. ಇದು ಮೊದಲೇ ಗೊತ್ತಿದ್ದ ಸಂಗತಿ. ಹಾಗಾಗಿ "ಮಕ್ಕಳ ಮೇಲೆ ಕಣ್ಣಿಡಿ" ಅನ್ನುವುದೇ ಎಲ್ಲರ ಸಲಹೆಯಾಗಿತ್ತು. ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಅನ್ನುವ ಇಬ್ಬರು ಸಂಶೋಧಕರು ಒಂದು ಹೆಜ್ಜೆ ಹಿಂದೆ ಹೋಗಿ ಕೇಳಿದರು: ಸರಿ, ತಂದೆತಾಯಿಗೆ ಗೊತ್ತಿದೆ. ಆದರೆ ಗೊತ್ತಾಗಿದ್ದು ಹೇಗೆ? 14 ವರ್ಷದ 703 ಮಕ್ಕಳನ್ನೂ ಅವರ ತಂದೆತಾಯಿಯನ್ನೂ ವಿಚಾರಿಸಿ, 2000ದಲ್ಲಿ ಉತ್ತರ ಪ್ರಕಟಿಸಿದರು. ಕೇಳಿ ಕೇಳಿ ತಿಳಿದುಕೊಳ್ಳುವುದು ಒಂದು ದಾರಿ. ಎಲ್ಲಿಗೆ ಹೋದರೂ ಹೇಳಿ ಹೋಗಬೇಕು ಅಂತ ಕಟ್ಟು ಮಾಡುವುದು ಇನ್ನೊಂದು. ಮಗು ತಾನಾಗಿ ಬಂದು ಹೇಳುವುದು ಮೂರನೆಯದು. ತಂದೆತಾಯಿಗೆ ಗೊತ್ತಿದ್ದುದರಲ್ಲಿ ದೊಡ್ಡ ಪಾಲು ಬಂದಿದ್ದು ಈ ಮೂರನೆಯ ದಾರಿಯಿಂದ.

ಆಮೇಲಿನ ಕೆಲವು ಅಧ್ಯಯನಗಳು ಕಟ್ಟುಪಾಡಿಗೂ ಅದರದೇ ಉಪಯೋಗ ಇದೆ ಅಂದಿವೆ. ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಮುಖ್ಯ ವಿಷಯ ನನಗೆ ನಾಟಿತು. ಹರೆಯದ ಮಗುವಿನ ಬದುಕಿನ ಬಗ್ಗೆ ನಮಗೆ ಏನು ಗೊತ್ತೋ ಅದು ಬಹುಪಾಲು ಆ ಮಗುವೇ ನಮ್ಮ ಕೈಗೆ ಕೊಟ್ಟಿದ್ದು. ಕೊಡಬೇಕೋ ಬೇಡವೋ ಅನ್ನುವುದು ಅದರ ಇಷ್ಟ. ಕೊಡಬೇಕು ಅಂತ ಅನಿಸುವ ಹಾಗೆ ನಾವು ಇದ್ದೀವಾ ಅಂತ ಮಾತ್ರ ನಾವು ನೋಡಿಕೊಳ್ಳಬಹುದು.

ಹಾಗಾದರೆ ನನ್ನ ಮಗಳನ್ನು ತಡೆದಿದ್ದು ಏನು? ನನ್ನ ಮುಖ. ಮಾತಲ್ಲ, ಮುಖ.

ಮಕ್ಕಳು ನಮ್ಮ ಮುಖ ಓದುವುದನ್ನು ಮಾತಿಗಿಂತ ಮೊದಲೇ ಕಲಿಯುತ್ತಾರೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೀಗಿದೆ. ಒಂದು ಮೇಜು. ಅದರ ಅರ್ಧ ಭಾಗ ಗಟ್ಟಿ ನೆಲದಂತೆ ಕಾಣುತ್ತದೆ. ಇನ್ನರ್ಧದಲ್ಲಿ ಗಾಜು, ಕೆಳಗೆ ಸ್ವಲ್ಪ ಆಳ. ಬೀಳುವ ಅಪಾಯ ಇಲ್ಲ, ಆದರೆ ನೋಡಿದರೆ ಅನುಮಾನ ಬರುತ್ತದೆ. ಒಂದು ವರ್ಷದ ಮಗು ಅಂಬೆಗಾಲಿಡುತ್ತಾ ಆ ಅಂಚಿಗೆ ಬಂದು ನಿಲ್ಲುತ್ತದೆ. ಆಚೆ ಬದಿಯಲ್ಲಿ ಅಮ್ಮ ಇದ್ದಾಳೆ. ಮಗು ತಲೆಯೆತ್ತಿ ಅವಳ ಮುಖ ನೋಡುತ್ತದೆ. ಅಮ್ಮ ನಗುಮುಖದಲ್ಲಿದ್ದಾಗ 19 ಮಕ್ಕಳಲ್ಲಿ 14 ಗಾಜು ದಾಟಿ ಬಂದವು. ಅಮ್ಮ ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಅಮ್ಮಂದಿರು ಒಂದು ಮಾತೂ ಆಡಿರಲಿಲ್ಲ.

ಇದನ್ನು ಓದಿದಾಗ ನನಗೆ ಮಗಳ ಲೈಬ್ರರಿಯ ಮೂರು ತಿಂಗಳು ಕಣ್ಣಿಗೆ ಕಟ್ಟಿತು. ಅವಳೂ ಪ್ರತಿ ಸಂಜೆ ಒಂದು ಅಂಚಿನಲ್ಲಿ ನಿಂತು ನನ್ನ ಮುಖ ನೋಡಿರಬೇಕು. ನೋಡಿ, ಅಲ್ಲೇ ನಿಂತುಬಿಟ್ಟಿರಬೇಕು.

ಇನ್ನು ಮೇಲೆ ಹೆದರಿಕೆ ತೋರಿಸಬಾರದು ಅಂತ ತೀರ್ಮಾನಿಸಿದೆ. ಮುಂದಿನ ಸಲ ಅವಳು ಏನೋ ಹೇಳಲು ಶುರು ಮಾಡಿದಾಗ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡು ಕೂತೆ. ಹೂಂ, ಹೂಂ ಅಂದೆ. ಅವಳು ಅರ್ಧಕ್ಕೇ ನಿಲ್ಲಿಸಿದಳು. "ಯಾಕಮ್ಮಾ ಹೀಗೆ ಕೂತಿದ್ದೀಯ? ಕೋಪ ಬಂತಾ?"

ಅದೂ ತಪ್ಪೇ ಆಗಿತ್ತು. ಯಾಕೆ ತಪ್ಪು ಅಂತ ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 1970ರ ದಶಕದಲ್ಲೇ ತೋರಿಸಿದ್ದರು. ಕೆಲವು ತಿಂಗಳ ಕೂಸಿನ ಜೊತೆ ಅಮ್ಮ ನಗುತ್ತಾ ಆಡುತ್ತಿರುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಯಾವ ಭಾವವೂ ಇಲ್ಲದ ಮುಖದಲ್ಲಿ ಸುಮ್ಮನೆ ಕೂಸನ್ನು ನೋಡುತ್ತಾಳೆ. ಕೂಸು ಮೊದಲು ನಗುತ್ತದೆ. ಕೂಗುತ್ತದೆ, ಕೈ ಚಾಚುತ್ತದೆ. ಅಮ್ಮನನ್ನು ಮತ್ತೆ ಆಟಕ್ಕೆ ಎಳೆಯಲು ತನಗೆ ಗೊತ್ತಿರುವುದನ್ನೆಲ್ಲ ಮಾಡುತ್ತದೆ. ಏನೂ ನಡೆಯದಿದ್ದರೆ ಮುಖ ತಿರುಗಿಸುತ್ತದೆ, ಅಳುತ್ತದೆ. ಈಚೆಗೆ ಇದೇ ಪ್ರಯೋಗವನ್ನು ಅಮ್ಮನ ಕೈಗೆ ಮೊಬೈಲ್ ಕೊಟ್ಟೂ ಮಾಡಿದ್ದಾರೆ. ಆಗಲೂ ಕೂಸುಗಳು ಕಸಿವಿಸಿಗೊಂಡವು. ಮಗುವಿಗೆ ಕಲ್ಲಿನ ಮುಖ ಧೈರ್ಯ ಕೊಡುವುದಿಲ್ಲ. ಅಲ್ಲಿ ಯಾರೂ ಇಲ್ಲ ಅನ್ನುವ ಭಾವನೆ ಕೊಡುತ್ತದೆ.

ಟ್ರಾನಿಕ್ ಅವರ ಕೆಲಸದಲ್ಲಿ ನನಗೆ ಉಸಿರು ಬಂದ ಹಾಗಾಗಿದ್ದು ಇನ್ನೊಂದು ಮಾತಿಗೆ. ಚೆನ್ನಾಗಿ ಹೊಂದಿಕೊಂಡಿರುವ ತಾಯಿ ಮಗು ಕೂಡ ಪೂರ್ತಿ ತಾಳಮೇಳದಲ್ಲಿ ಇರುವುದು ಸುಮಾರು ಮೂರರಲ್ಲಿ ಒಂದು ಪಾಲು ಸಮಯ ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿಹೋಗುವುದು, ಮತ್ತೆ ತಪ್ಪುವುದು. ಮಗು ಬೆಳೆಯುವುದು ಈ ಸರಿಪಡಿಸಿಕೊಳ್ಳುವ ಕೆಲಸದಲ್ಲೇ ಅಂತ ಅವರು ಹೇಳುತ್ತಾರೆ. ತಪ್ಪಿದ್ದು ಮತ್ತೆ ಸರಿಹೋಗುತ್ತದೆ ಅನ್ನುವ ನಂಬಿಕೆ ಅಲ್ಲಿಂದ ಬರುತ್ತದೆ.

ಹಾಗಾಗಿ ಮಗಳ ಹತ್ತಿರ ಹೋಗಿ ನೇರವಾಗಿ ಹೇಳಿದೆ. "ನಾಲ್ಕನೇ ಕ್ಲಾಸಿನಲ್ಲಿ ನಾನು ಮಾಡಿದ್ದು ಸರಿ ಇರಲಿಲ್ಲ. ನಿನ್ನ ನೋವಿಗೆ ಜಾಗವೇ ಇಲ್ಲದ ಹಾಗೆ ನನ್ನ ನೋವನ್ನ ಹರಡಿಬಿಟ್ಟೆ. ಈಗಲೂ ನನಗೆ ಹೆದರಿಕೆ ಆಗುತ್ತೆ. ಆದ್ರೆ ಅದನ್ನ ನೋಡ್ಕೊಳ್ಳೋದು ನನ್ನ ಕೆಲಸ, ನಿನ್ನದಲ್ಲ." ಅವಳು ಏನೂ ಹೇಳಲಿಲ್ಲ. ಪಕ್ಕಕ್ಕೆ ಸರಿದು ಹಾಸಿಗೆಯಲ್ಲಿ ಜಾಗ ಮಾಡಿಕೊಟ್ಟಳು.

ಈಗ ನಾನು ಮುಖವನ್ನು ಬಚ್ಚಿಡುವುದಿಲ್ಲ. ಹೆದರಿಕೆ ಬಂದರೆ "ಕೇಳಿ ಒಂದು ಸಲ ಎದೆ ಧಸಕ್ ಅಂತು, ಪರವಾಗಿಲ್ಲ, ನೀನು ಹೇಳು" ಅನ್ನುತ್ತೇನೆ. ಉಳಿದ ಹೆದರಿಕೆಯನ್ನು ಆಮೇಲೆ ಗಂಡನ ಹತ್ತಿರ ಹೇಳಿಕೊಳ್ಳುತ್ತೇನೆ, ಇಲ್ಲದಿದ್ದರೆ ತಂಗಿಯ ಹತ್ತಿರ. ಮಕ್ಕಳ ಮಾತು ಕೇಳಬೇಕಾದರೆ ದೊಡ್ಡವರಿಗೂ ಹೇಳಿಕೊಳ್ಳಲು ಒಬ್ಬರು ಬೇಕು. ಇದನ್ನು ಯಾಕೋ ನಾವು ಮಾತಾಡುವುದೇ ಇಲ್ಲ. ದಣಿದು, ಒಂಟಿಯಾಗಿ, ಯಾರ ಹತ್ತಿರವೂ ಬಾಯಿ ಬಿಡಲಾಗದೆ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರಿಗೆ, ತಂದೆಯರಿಗೆ "ಇನ್ನೂ ತಾಳ್ಮೆಯಿಂದ ಇರಿ" ಅಂತ ಹೇಳುವುದು ನ್ಯಾಯವಲ್ಲ.

ತಪ್ಪಿದ್ದನ್ನು ಸರಿಪಡಿಸಿಕೊಳ್ಳುವ ಮಾತು ಗಂಡ ಹೆಂಡತಿ ಜಗಳದ ವಿಷಯದಲ್ಲೂ ಬರುತ್ತದೆ. ನಾವು ಮಕ್ಕಳ ಎದುರು ಜಗಳ ಆಡಿ, ರಾಜಿಯನ್ನು ಮಾತ್ರ ಕೋಣೆಯೊಳಗೆ ಮಾಡಿಕೊಳ್ಳುತ್ತಿದ್ದೆವು. ಮಾರ್ಕ್ ಕಮಿಂಗ್ಸ್ ಅನ್ನುವವರು ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದ್ದಾರೆ. ಜಗಳ ಬಗೆಹರಿದಿದ್ದು ಕಣ್ಣಿಗೆ ಬಿದ್ದರೆ ಮಕ್ಕಳ ಕಳವಳ ಎಷ್ಟೋ ಇಳಿಯುತ್ತದೆ ಅಂತ ಅವರು ಕಂಡುಕೊಂಡರು. ಈಗ ರಾಜಿಯೂ ನಡುಮನೆಯಲ್ಲೇ ಆಗುತ್ತದೆ. ಚಿಕ್ಕವನು, ಆರು ವರ್ಷದವನು, ನಡುವೆ ಬಂದು "ಮುಗೀತಾ?" ಅಂತ ಕೇಳಿ ಹೋಗುತ್ತಾನೆ.

ಶಿಕ್ಷೆಯ ವಿಷಯ ಬಿಟ್ಟರೆ ಈ ಬರಹ ಪೂರ್ತಿಯಾಗುವುದಿಲ್ಲ. ಹೆದರಿಸಿದರೆ ಮಕ್ಕಳು ನಿಜ ಹೇಳುತ್ತಾರೆ ಅಂತ ನಂಬುವವರು ಇನ್ನೂ ಬಹಳ ಜನ ಇದ್ದಾರೆ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2011ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳ ಬಗ್ಗೆ ಬರೆದರು. ಒಂದು ಶಾಲೆಯಲ್ಲಿ ಸಣ್ಣ ತಪ್ಪಿಗೂ ಹೊಡೆತ. ಇನ್ನೊಂದರಲ್ಲಿ ಹೊಡೆತ ಇಲ್ಲ. ಮಗುವಿನ ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಮಕ್ಕಳಲ್ಲವಾ, ಎರಡೂ ಕಡೆ ಹೆಚ್ಚಿನವರು ಇಣುಕಿ ನೋಡಿದರು. ಆದರೆ ಹೊಡೆತದ ಶಾಲೆಯಲ್ಲಿ ಇಣುಕಿದ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಸುಳ್ಳು ಹೇಳಿದರು. ಆ ಸುಳ್ಳನ್ನು ಮುಂದಿನ ಪ್ರಶ್ನೆಗಳಲ್ಲೂ ಚೆನ್ನಾಗಿ ಕಾಪಾಡಿಕೊಂಡರು. ಹೊಡೆತ ಆ ಪುಟ್ಟ ಮಕ್ಕಳಿಗೆ ಕಲಿಸಿದ್ದು ಮುಚ್ಚಿಡುವ ಜಾಣತನವನ್ನು.

ಮಗಳು ಈಗ ಹದಿನೈದು ದಾಟಿದ್ದಾಳೆ. ಅವಳು ಮಾತಾಡುವ ಹೊತ್ತು ಒಂದೇ, ರಾತ್ರಿ ಹನ್ನೊಂದರ ಆಸುಪಾಸು. ಸಂಜೆ ಆರಕ್ಕೆ ಏನು ಕೇಳಿದರೂ ಒಂದೇ ಪದದ ಉತ್ತರ. ನಾನು ಮಲಗಲು ಹೊರಟಾಗ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಇದು ಹಟ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಅವರ ಮೈಯಲ್ಲಿ ಏಳುವುದೇ ತಡವಾಗಿ. ಮೇರಿ ಕಾರ್ಸ್ಕಡನ್ ಅವರ ಸಂಶೋಧನೆಯಿಂದ ಇದು ಸ್ಪಷ್ಟವಾಗಿದೆ. ಅದೇ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗ್ಗೆ ಶಾಲೆ ಮಾತ್ರ ಕಾಯುವುದಿಲ್ಲ. ಈ ಎರಡರ ನಡುವೆ ಸಿಕ್ಕಿಬಿದ್ದ ಮಗುವನ್ನು ಸೋಮಾರಿ ಅಂದರೆ ಸಿಟ್ಟು ಬರದೆ ಇರುತ್ತದಾ? ನನಗೆ ನಿದ್ದೆ ಎಳೆಯುತ್ತಿರುತ್ತದೆ. ಆದರೂ ವಾರದಲ್ಲಿ ಒಂದೆರಡು ರಾತ್ರಿ ಎದ್ದಿರುತ್ತೇನೆ. ಎದುರುಬದುರು ಕೂರುವುದಿಲ್ಲ. ಬಟ್ಟೆ ಮಡಿಸುತ್ತಾ ಇರುತ್ತೇನೆ. ಕೈಗೆ ಕೆಲಸ ಇದ್ದರೆ ಕಣ್ಣಿಗೆ ಕಣ್ಣು ಕೂಡಿಸಬೇಕಾಗಿಲ್ಲ. ಅವಳಿಗೂ ಅದು ಸುಲಭ.

ಇನ್ನೊಂದು ಸಂಗತಿ ನನಗೆ ನೋವನ್ನೂ ಸಮಾಧಾನವನ್ನೂ ಒಟ್ಟಿಗೇ ಕೊಟ್ಟಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಅಬ್ರಾಮ್ಸ್ ಮತ್ತು ಅವರ ಜೊತೆಯವರು ಮಕ್ಕಳಿಗೆ ಅಮ್ಮನ ದನಿಯನ್ನೂ ಗುರುತಿಲ್ಲದ ಹೆಂಗಸರ ದನಿಯನ್ನೂ ಕೇಳಿಸಿ, ಆಗ ಮಿದುಳಿನಲ್ಲಿ ಏನಾಗುತ್ತದೆ ಅಂತ ನೋಡಿದರು. ಚಿಕ್ಕ ಮಕ್ಕಳ ಮಿದುಳಿನಲ್ಲಿ ಖುಷಿಗೆ ಸಂಬಂಧಪಟ್ಟ ಭಾಗಗಳು ಅಮ್ಮನ ದನಿಗೆ ಜಾಸ್ತಿ ಎಚ್ಚರಗೊಳ್ಳುತ್ತವೆ. 2022ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಸುಮಾರು 13ನೇ ವಯಸ್ಸಿನಿಂದ ಇದು ತಿರುಗುತ್ತದೆ. ಗುರುತಿಲ್ಲದ ದನಿಗಳೇ ಹೆಚ್ಚು ಸೆಳೆಯುತ್ತವೆ. ಅಮ್ಮನ ದನಿ ಕೇಳಿಸುವುದಿಲ್ಲ ಅಂತಲ್ಲ. ಹೊರಗಿನ ಲೋಕಕ್ಕೆ ಕಿವಿ ತೆರೆದುಕೊಳ್ಳುವ ಕಾಲ ಬಂದಿರುತ್ತದೆ, ಅಷ್ಟೇ. ಎರಡು ಸಲ ಕರೆದರೂ ಓಗೊಡದ ಮಗಳ ಮೇಲೆ ಈಗ ನನಗೆ ಮೊದಲಿನಷ್ಟು ಕೋಪ ಬರುವುದಿಲ್ಲ.

ಎಲ್ಲವನ್ನೂ ಹೇಳಲೇಬೇಕು ಅಂತಲೂ ಈಗ ನನಗಿಲ್ಲ. ಜೂಡಿತ್ ಸ್ಮೆಟಾನಾ ಅನ್ನುವ ಸಂಶೋಧಕಿ ಹರೆಯದ ಮಕ್ಕಳ ಒಂದು ಲೆಕ್ಕಾಚಾರವನ್ನು ಬಿಡಿಸಿ ತೋರಿಸಿದ್ದಾರೆ. ಜೀವಕ್ಕೆ ಅಪಾಯ ಇರುವ ವಿಷಯ, ಇನ್ನೊಬ್ಬರಿಗೆ ನೋವಾಗುವ ವಿಷಯ, ಇಂಥದ್ದರಲ್ಲಿ ಅಪ್ಪ ಅಮ್ಮ ಮಾತಾಡುವುದು ಸರಿ ಅಂತ ಮಕ್ಕಳೇ ಒಪ್ಪುತ್ತಾರೆ. ಯಾವ ಬಟ್ಟೆ, ಯಾವ ಹಾಡು, ಯಾರ ಮೇಲೆ ಮನಸ್ಸು, ಇವೆಲ್ಲ ತಮ್ಮದು ಅನ್ನುತ್ತಾರೆ. ನಾವು ಈ ಗೆರೆ ದಾಟಿ ಎಲ್ಲದಕ್ಕೂ ಕೈ ಹಾಕಿದರೆ ಮುಖ್ಯವಾದದ್ದಕ್ಕೂ ಬಾಗಿಲು ಮುಚ್ಚುತ್ತದೆ. ಅವಳ ಮೊಬೈಲಿನ ಸಂದೇಶಗಳನ್ನು ನಾನು ಓದುವುದಿಲ್ಲ. ನಿನ್ನ ಜೀವಕ್ಕೆ ಅಪಾಯ ಇದೆ ಅನಿಸಿದರೆ ಮಾತ್ರ ನೋಡುತ್ತೇನೆ, ಅದೂ ನಿನಗೆ ಹೇಳಿಯೇ, ಅಂತ ಅವಳಿಗೆ ಹೇಳಿಟ್ಟಿದ್ದೇನೆ.

ಆ ಮೂರು ತಿಂಗಳಲ್ಲಿ ಅವಳು ಪೂರ್ತಿ ಒಂಟಿಯಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ತನ್ನ ಚಿಕ್ಕಮ್ಮನಿಗೆ ಹೇಳಿದ್ದಳು. ನನ್ನ ತಂಗಿ ಅದನ್ನು ನನಗೆ ಹೇಳಿರಲಿಲ್ಲ. ಮೊದಲು ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಎರಡು ದಿನ ತಂಗಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಅವಳಿಗೆ ಕೈ ಮುಗಿಯಬೇಕು ಅನಿಸುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು ಬಡತನ, ಮನೆಯೊಳಗಿನ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆಯಂಥ ಹಲವು ಕಷ್ಟಗಳ ನಡುವೆ ಬೆಳೆದವರು. ಅಂಥವರಲ್ಲೂ ಮೂವರಲ್ಲಿ ಒಬ್ಬರು ಆತ್ಮವಿಶ್ವಾಸ ಇರುವ, ಇತರರನ್ನು ಪ್ರೀತಿಸಬಲ್ಲ ದೊಡ್ಡವರಾದರು. ಅವರ ಬದುಕಿನಲ್ಲಿ ಕಂಡ ಒಂದು ಮುಖ್ಯ ಅಂಶ, ಕೈ ಬಿಡದ ಒಬ್ಬ ಹಿರಿಯರು. ಆ ಒಬ್ಬರು ಹೆತ್ತವರೇ ಆಗಿರಬೇಕಾಗಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಟೀಚರ್, ಯಾರಾದರೂ ಸರಿ. ನನ್ನ ಮಗಳ ಆ ಒಬ್ಬರು ಅವತ್ತು ನಾನಾಗಿರಲಿಲ್ಲ. ಆದರೂ ಒಬ್ಬರಿದ್ದರು.

ತಂಗಿಗೂ ನನಗೂ ಈಗ ಒಂದು ಒಪ್ಪಂದ ಇದೆ, ಮಗಳಿಗೂ ಅದು ಗೊತ್ತು. ಅವಳು ಹೇಳಿದ್ದು ಚಿಕ್ಕಮ್ಮನ ಹತ್ತಿರವೇ ಇರುತ್ತದೆ. ಜೀವಕ್ಕೆ ಸಂಬಂಧಪಟ್ಟಿದ್ದು ಮಾತ್ರ ನನಗೆ ಬರಬೇಕು. ಯಾಕೆಂದರೆ ಕೆಲವು ವಿಷಯಗಳಿಗೆ ಕೇಳಿಸಿಕೊಂಡರೆ ಸಾಲದು. 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ಆರೋಗ್ಯದ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಮಗು ಮಂಕಾಗಿದ್ದರೆ, ಇಷ್ಟಪಟ್ಟು ಮಾಡುತ್ತಿದ್ದುದನ್ನೆಲ್ಲ ಬಿಟ್ಟುಬಿಟ್ಟರೆ, ನಿದ್ದೆ ಊಟ ಏರುಪೇರಾದರೆ, ಮೈ ಮೇಲೆ ಗಾಯದ ಗುರುತು ಕಂಡರೆ ವೈದ್ಯರ ಹತ್ತಿರ ಹೋಗಬೇಕು. ಕಾಯಬಾರದು. ಬದುಕೇ ಬೇಡ ಅನ್ನುವ ಮಾತು ಬಂದರೆ "ಸಾಯಬೇಕು ಅಂತ ಅನಿಸ್ತಿದೆಯಾ?" ಅಂತ ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಹತ್ತಿರ ಮಗು ಮನಸ್ಸು ಬಿಚ್ಚುವ ಸಾಧ್ಯತೆಯೇ ಹೆಚ್ಚು. ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡಬೇಡಿ.

ಮೊನ್ನೆ ರಾತ್ರಿ ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಕೂತಿದ್ದೆ. ಮಗಳು ಬಾಗಿಲಿಗೆ ಒರಗಿ ನಿಂತಳು. ಆ ನಾಲ್ವರಲ್ಲಿ ಒಬ್ಬಳು ಮತ್ತೆ ಮಾತಾಡಿಸಲು ಶುರು ಮಾಡಿದ್ದಾಳಂತೆ. ಇವಳಿಗೆ ಮಾತಾಡಬೇಕು ಅಂತಲೂ ಇದೆ, ಬೇಡ ಅಂತಲೂ ಇದೆ. ನನ್ನ ಬಾಯಿಗೆ ನಾಲ್ಕು ಸಲಹೆ ಬಂದವು. ಅಷ್ಟನ್ನೂ ನುಂಗಿಕೊಂಡೆ.

"ನಿನಗೇನು ಅನಿಸುತ್ತೆ?" ಅಂದೆ.

"ಗೊತ್ತಿಲ್ಲ ಅಮ್ಮಾ. ಸುಮ್ನೆ ಹೇಳ್ದೆ" ಅಂದಳು. ದೊಡ್ಡ ಹೊದಿಕೆಯೊಂದು ನನ್ನ ಕೈಯಲ್ಲಿತ್ತು. ಅವಳು ಒಳಗೆ ಬಂದು ಅದರ ಇನ್ನೊಂದು ತುದಿ ಹಿಡಿದಳು.